ಮೂರನೇ ಸಲ

"ಇನ್ನೊಂದು ಸೌಟು ಹಾಕಲಾ?" ಎಂದು ಮನೆಯಾಕೆ ಕೇಳಿದಳು.

"ಬೇಡ ಬೇಡ, ಸಾಕು" ಎಂದಳು ಹುಡುಗಿ.

ಮನೆಯಾಕೆ ಸೂಪಿನ ಪಾತ್ರೆಗೆ ಮುಚ್ಚಳ ಹಾಕಿ ಒಳಗಿಟ್ಟು, ಮೇಜು ಒರೆಸಿಬಿಟ್ಟಳು. ಆರು ತಿಂಗಳ ಓದಿಗೆಂದು ಪರದೇಶದಿಂದ ಅದೇ ದಿನ ಬಂದಿಳಿದಿದ್ದ ಹುಡುಗಿ, ಹೊಟ್ಟೆ ತಾಳ ಹಾಕುತ್ತಿದ್ದರೂ ಪಿಳಿಪಿಳಿ ನೋಡುತ್ತ ಕೂತಳು. ಅವಳ ಮನೆಯಲ್ಲಿ ಏನನ್ನೇ ಆದರೂ ಮೂರು ಸಲ ಕೇಳುತ್ತಿದ್ದರು. ಮೊದಲನೆಯ ಬೇಡ ಸಂಕೋಚಕ್ಕೆ, ಎರಡನೆಯದು ಮರ್ಯಾದೆಗೆ, ಮೂರನೆಯ ಸಲ ಕೇಳಿದಾಗ ಮಾತ್ರ ನಿಜ ಹೇಳಬೇಕು ಎಂದು ಅಜ್ಜಿ ಕಲಿಸಿದ್ದಳು. ಇಲ್ಲಿ ಎರಡನೆಯ ಸಲವೇ ಬರಲಿಲ್ಲ.

ಮನೆಯಾಕೆಯೊಬ್ಬಳೇ ಅಲ್ಲ, ಊರಿಗೆ ಊರೇ ಹಾಗಿತ್ತು. ಬಸ್ಸಿನ ಬಾಗಿಲಲ್ಲಿ "ನೀವು ಹತ್ತಿ" ಎಂದು ಪಕ್ಕಕ್ಕೆ ಸರಿದರೆ ಹಿಂದಿನವರೆಲ್ಲ ಸಲೀಸಾಗಿ ಹತ್ತುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು, ಬಸ್ಸು ಹೊರಟೇ ಹೋಗುತ್ತಿತ್ತು. ಕಾಲೇಜಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ ಕೋಣೆಗೆ ಮೊದಲ ದಿನ ಹೋದಾಗ, ಕಿಟಕಿ ಪಕ್ಕದ ಮೇಜು ಯಾರಿಗೆ ಬೇಕು ಎಂದು ಮೇಷ್ಟ್ರು ಕೇಳಿದರು. ಅವಳು ತಲೆ ತಗ್ಗಿಸಿ ನಕ್ಕಳು. ಇನ್ನೊಮ್ಮೆ ಕೇಳುತ್ತಾರೆ ಎಂದುಕೊಂಡು ತಲೆ ಎತ್ತುವಷ್ಟರಲ್ಲಿ ಅವಳ ಪಾಲಿಗೆ ಕೈ ತೊಳೆಯುವ ತೊಟ್ಟಿಯ ಪಕ್ಕದ ಮೇಜು ಉಳಿದಿತ್ತು. ಇಡೀ ಅವಧಿ ಅವಳ ನಕ್ಷೆಗಳ ಮೇಲೆ ನೀರು ಸಿಡಿಯಿತು.

ಕೊನೆಗೆ ಒಂದು ದಿನ ಹಸಿವು ತಡೆಯಲಾರದೆ ಅವಳು ಅಜ್ಜಿಯ ಕಾನೂನನ್ನು ಮನೆಯಾಕೆಗೆ ಬಿಡಿಸಿ ಹೇಳಿದಳು. ಮನೆಯಾಕೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಅಯ್ಯೋ ದೇವರೇ, ಇಷ್ಟು ದಿನ ನಮ್ಮನೇಲಿ ಅರೆಹೊಟ್ಟೆಲಿ ಇದ್ಯಾ? ಇಲ್ಲಿ ಹಾಗಲ್ಲಮ್ಮ. ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ಒಂದ್ಸಲ ಅಂದಮೇಲೂ ಮತ್ತೆ ಕೇಳಿದ್ರೆ, ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಅಂತ ನನಗೆ ಸಿಟ್ಟು ಬರುತ್ತೆ."

ಹುಡುಗಿ ಕಲಿತಳು. ಬೇಕು ಎನ್ನಲು ಕಲಿತಳು, ಬಸ್ಸಿಗೆ ನುಗ್ಗಲು ಕಲಿತಳು. ಯಾರನ್ನೂ ಎರಡನೆಯ ಸಲ ಕೇಳದಿರುವುದು ಮಾತ್ರ ಕಷ್ಟವಾಯಿತು, ಅದನ್ನೂ ಕಲಿತಳು.

ಮನೆಯಾಕೆ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಒಂದರ ಮೇಲೊಂದು ಹಾಸಿದ ದಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಹಿಡಿದು ಅವಳ ಕತ್ತರಿ ಸರಸರ ಹೋಗುತ್ತಿತ್ತು. ಚಳಿಗಾಲದ ಹೊತ್ತಿಗೆ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೊಯ್ದು ಬಿಡಿಸಬೇಕು, ಆಮೇಲೂ ಮೊದಲಿನ ಹಿಡಿತ ಬರುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ಸೂಪು ಬಡಿಸುತ್ತ ಮನೆಯಾಕೆ ಇದನ್ನು ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಸೌಟು ಎಡಗೈಯಲ್ಲಿತ್ತು.

ಆಪರೇಷನ್ನಿನ ದಿನವೇ ಕಾಲೇಜಿನವರು ಪರದೇಶದ ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ನದಿಯುದ್ದಕ್ಕೂ ಊರು ತೋರಿಸುವವರಿದ್ದರು. ಪುಸ್ತಕದಲ್ಲಿ ನೋಡಿದ್ದ ಕಟ್ಟಡಗಳನ್ನೆಲ್ಲ ನೀರಿನ ಕಡೆಯಿಂದ ನೋಡುವ ಆಸೆ ಹುಡುಗಿಗೆ ಬಂದಾಗಿನಿಂದ ಇತ್ತು. ಊರಿಗೆ ಮರಳುವ ವಾರ ಬೇರೆ.

ಬೆಳಿಗ್ಗೆ ಬಾಗಿಲ ಬಳಿ ಅವಳು ಕೇಳಿದಳು, "ನಾನೂ ಆಸ್ಪತ್ರೆಗೆ ಬರಲಾ?"

"ಬೇಡ. ನೀನು ದೋಣಿಗೆ ಹೋಗು" ಎಂದಳು ಮನೆಯಾಕೆ.

ಬೇಡ ಅಂದರೆ ಬೇಡ. ಹುಡುಗಿ ಮೆಟ್ಟಿಲಿಳಿದು ಬೀದಿಗೆ ಬಂದಳು. ಕಾಲೇಜಿನ ಕಡೆಯ ಬಸ್ಸು ಬಂತು. ಎಲ್ಲರೂ ಹತ್ತಿದರು. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ಹಿಂದಕ್ಕೆ ತೆಗೆದಳು. ಬಾಗಿಲು ಮುಚ್ಚಿತು, ಬಸ್ಸು ಹೋಯಿತು. ಇಷ್ಟು ತಿಂಗಳು ಉಂಡ ಮನೆಯವಳನ್ನು ಕೊನೆಯ ವಾರದಲ್ಲಿ ಸಿಟ್ಟಿಗೆಬ್ಬಿಸುತ್ತಿದ್ದೇನಲ್ಲ ಎಂದು ಅಂಜುತ್ತಲೇ ಅವಳು ಮತ್ತೆ ಮೆಟ್ಟಿಲು ಹತ್ತಿದಳು.

ಬಾಗಿಲು ಇನ್ನೂ ತೆರೆದೇ ಇತ್ತು. ಮನೆಯಾಕೆ ಚಪ್ಪಲಿ ಗೂಡಿನ ಪಕ್ಕದ ಸ್ಟೂಲಿನ ಮೇಲೆ ಕೋಟು ಹಾಕಿಕೊಂಡು ಕೂತಿದ್ದಳು. ಒಂದು ಗುಂಡಿಯೂ ಹಾಕಿರಲಿಲ್ಲ. ಬಲಗೈ ಮಡಿಲಲ್ಲಿ ಬೇರೆಯವರದ್ದೇನೋ ಎಂಬಂತೆ ಬಿದ್ದಿತ್ತು.

"ಏನು ಮರೆತೆ?" ಎಂದಳು ಮನೆಯಾಕೆ.

"ಏನೂ ಇಲ್ಲ. ನಿಮ್ಮ ಜೊತೆ ನಾನೂ ಬರಲಾ?"

"ಬೇಡ ಅಂದೆನಲ್ಲ."

ಹುಡುಗಿ ಅಲ್ಲೇ ನಿಂತಳು. ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಮನೆಯಾಕೆ ಸಿಟ್ಟು ಮಾಡಲಿಲ್ಲ. ಜೋಮು ಹಿಡಿದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ನೀವಿಕೊಳ್ಳುತ್ತ, ತಲೆ ಎತ್ತದೆ ಕೇಳಿದಳು:

"ನಿಮ್ಮಜ್ಜಿ ಲೆಕ್ಕದಲ್ಲಿ ಇದು ಎಷ್ಟನೇ ಸಲ?"

"ಎರಡನೇದು."

"ಮತ್ತೆ ಸುಮ್ಮನೆ ಯಾಕೆ ನಿಂತಿದೀಯ? ಬೇಗ ಕೇಳು, ಆಸ್ಪತ್ರೆ ಬಸ್ಸಿಗೆ ಹೊತ್ತಾಯ್ತು."