ಅಣ್ಣ ಕೊಯ್ದ ರೊಟ್ಟಿ

ದೊರೆ ಗೆದ್ವಿಲ ಕಪ್ಪು ರೊಟ್ಟಿಯನ್ನೂ ಚಾಕುವನ್ನೂ ಅಣ್ಣ ಸುದಿಮಂತನತ್ತ ಸರಿಸಿದ. ಲಿಥುವೇನಿಯದ ಆ ಮರದ ಕೋಟೆಯಲ್ಲಿ ಊಟದ ಮೊದಲ ರೊಟ್ಟಿ ಕೊಯ್ಯುವವನೇ ಯಜಮಾನ. ಅಣ್ಣ ತಮ್ಮ ಇಬ್ಬರ ಕಡೆಯ ಸರದಾರರೂ ಮೆಲ್ಲಗೆ ಕತ್ತಿಯ ಹಿಡಿಗೆ ಕೈ ಒಯ್ದರು.

"ಕೊಯ್ಯಣ್ಣ, ಪೀಠ ನಿನ್ನದು. ನೀನು ಜರ್ಮನ್ನರ ಸೆರೇಲಿದ್ದೆ ಅಂತ ನಾನು ಕೂತಿದ್ದೆ, ಅಷ್ಟೇ," ಎಂದ ಗೆದ್ವಿಲ. ಮಾತು ಸರಾಗವಾಗಿಯೇ ಬಂತು. ಆದರೆ ಹನ್ನೊಂದು ವರ್ಷ ಕಾದುಕೊಂಡ ನಾಡು ಕೈಬಿಟ್ಟು ಹೋಗುತ್ತಿದೆ ಎಂದು ಅವನ ಎದೆ ಭಾರವಾಗಿತ್ತು.

ಅಂದಷ್ಟೇ ಸೆರೆಯಿಂದ ಮರಳಿದ್ದ ಸುದಿಮಂತ ರೊಟ್ಟಿಯನ್ನು ಎದೆಗೊತ್ತಿಕೊಂಡು ನಿಧಾನವಾಗಿ ಒಂದು ಚೂರು ಕೊಯ್ದ. ಅದು ದಪ್ಪಗೆ, ಅಂಕುಡೊಂಕಾಗಿ ಬಂತು. "ಅವ್ವ ಇದ್ದಿದ್ರೆ ಬೈತಿದ್ಲು," ಎಂದು ನಕ್ಕ. "ಇಷ್ಟು ವರ್ಷ ಅವರು ಎಸೆದಿದ್ದನ್ನ ತಿಂದೆ ಕಣೋ. ಒಂದ್ಸಲ ನಾನೇ ಕೊಯ್ದು ನಮ್ಮವರಿಗೆ ಕೊಡ್ಬೇಕು ಅಂತ ಆಸೆ ಇತ್ತು. ಅಷ್ಟು ಸಾಕು ನಂಗೆ. ನಾಳೆಯಿಂದ ನೀನೇ ಕೊಯ್ಯಿ."

ಚೂರನ್ನು ತಮ್ಮನ ಮುಂದೆ ಹಿಡಿದ. ಗೆದ್ವಿಲ ಎದ್ದು, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ನಾಡಿನ ದೊರೆ ಅಣ್ಣನೆದುರು ನಿಂತೇ ತಿಂದ.