ಟೇಪು ಹಿಡಿದು ಬಂದ ಅತಿಥಿ

ರಜೆ ಕಳೆಯಲು ಬಂದವರು ಮೊದಲು ಚಪ್ಪಲಿ ಕಳಚಿ ಅಲೆಯ ಕಡೆ ಓಡುತ್ತಾರೆ. ಈತ ಬ್ಯಾಗಿನಿಂದ ಅಳತೆಯ ಟೇಪು ತೆಗೆದ.

ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡ ಅತ್ತಿಗೆ ಗಂಡನ ಹತ್ತಿರ ಓಡಿದಳು. ಇಡೀ ಬೀದಿಗೆ ಆಕೆ ಅತ್ತಿಗೆಯೇ. ಸಮುದ್ರದಂಚಿನಲ್ಲಿ ನಾಲ್ಕು ಕೋಣೆಯ ರಜಾಮನೆ ನಡೆಸುತ್ತಿದ್ದಳು, ಬಂದವರಿಗೆ ಊಟದ ಜೊತೆ ರೈಲನ್ನೂ ಧಾರಾಳವಾಗಿ ಬಿಡುತ್ತಿದ್ದಳು.

"ರೀ, ಇವನು ಕರಾವಳಿ ಕಚೇರಿಯವನು ಕಣ್ರೀ! ಒಬ್ಬನೇ ಬಂದಿದ್ದಾನೆ, ಟವೆಲ್ಲೂ ತಂದಿಲ್ಲ," ಎಂದು ಗಂಡನ ಪಕ್ಕೆಗೆ ತಿವಿದಳು.

ಟೇಪಿನವನು ಮೆಟ್ಟಿಲಿನಿಂದ ನೀರಿನವರೆಗೆ ಅಳೆದು, ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಂಡ.

ಅತ್ತಿಗೆ ಸುಮ್ಮನೆ ಹೆದರಿರಲಿಲ್ಲ. ಈ ವರ್ಷ ಅದೇ ಸಾಲಿನ ಮೂರು ಮನೆಗಳ ಬಾಗಿಲ ಮೇಲೆ ಕಚೇರಿಯವರು 'ವಾಸಕ್ಕೆ ಯೋಗ್ಯವಲ್ಲ' ಎಂದು ಕೆಂಪಗೆ ಬರೆದು ಬೀಗ ಜಡಿದಿದ್ದರು. ಮರಳು ತೋಡಿ ಸಾಗಿಸಿದವರು ಯಾರೋ, ಬಂದರಿಗೆ ಗೋಡೆ ಕಟ್ಟಿದವರು ಯಾರೋ, ಸಮುದ್ರ ಸಿಟ್ಟು ತೀರಿಸಿಕೊಳ್ಳುತ್ತಿದ್ದದ್ದು ಮಾತ್ರ ಈ ಸಾಲಿನ ಮೇಲೆ. ಅತ್ತಿಗೆಯ ಹೂದೋಟ ಹೋಗಿ ಎರಡು ವರ್ಷವಾಗಿತ್ತು, ಉಯ್ಯಾಲೆ ಹೋಗಿ ಒಂದು. ಕಳೆದ ತಿಂಗಳು ಹೊರಗಿನ ಬಚ್ಚಲುಮನೆ ಹೇಳದೆ ಕೇಳದೆ ಹೊರಟುಹೋಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಇನ್ನು ಮನೆಗೂ ಬೀಗ ಬಿದ್ದರೆ ಗಂಡ ಹೆಂಡತಿಗೆ ಹೊಟ್ಟೆಗೆ ತಣ್ಣೀರುಬಟ್ಟೆಯೇ ಗತಿ.

ಹಾಗೆ ನೋಡಿದರೆ ಸಮುದ್ರ ಅವಳಿಗೆ ಉಪಕಾರವನ್ನೂ ಮಾಡಿತ್ತು. ಏಳು ವರ್ಷದ ಹಿಂದೆ ಎದುರಿಗೆ ಸಮುದ್ರಕ್ಕೆ ಅಡ್ಡವಾಗಿದ್ದ ಡಾಕ್ಟರ ಮನೆ ನೀರುಪಾಲಾದಾಗ ಸಮಾಧಾನ ಹೇಳಲು ಹೋದವಳು, ಬರುವಾಗ ಅವರ ಬೆತ್ತದ ಕುರ್ಚಿಗಳನ್ನು ಹೊತ್ತು ತಂದಿದ್ದಳು. ಅದೇ ವಾರ ಬೋರ್ಡು ಬರೆಯುವವನನ್ನು ಕರೆಸಿ, ಗೇಟಿನ ಮೇಲೆ 'ಕಿಟಕಿ ತೆರೆದರೆ ಸಮುದ್ರ' ಎಂದು ಬರೆಸಿದ್ದಳು. ಡಾಕ್ಟರಿಗಾಗಿ ಅತ್ತದ್ದೂ ನಿಜವೇ, ಆದರೆ ಬೇಗ ಮುಗಿಸಿದ್ದಳು.

ಈಗ ಅಳಲು ಪುರುಸೊತ್ತಿರಲಿಲ್ಲ. ನಡುಮನೆಯ ಗೋಡೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕಿತ್ತು. ಗಂಡ ಅದರ ಮೇಲೆ ಕ್ಯಾಲೆಂಡರ್ ಹಿಡಿದು ನೋಡಿದ.

"ಸಾಲಲ್ಲ ಕಣೇ."

"ನಿಮ್ಮಮ್ಮನ ಫೋಟೋ ತನ್ನಿ. ಅದು ದೊಡ್ಡದು."

ಬದುಕಿರುವವರೆಗೂ ಮನೆ ಒಡೆಯಲು ನೋಡಿದ ಅತ್ತೆ ಕೊನೆಗೂ ಒಂದು ಬಿರುಕು ಮುಚ್ಚಿದಳು.

ಊಟಕ್ಕೆ ಕೂತ ಟೇಪಿನವನು ಗೋಡೆಯನ್ನು ಬೆರಳಿನಿಂದ ತಟ್ಟಿ ಕೇಳಿದ. "ಈ ಮನೆ ಇನ್ನೆಷ್ಟು ವರ್ಷ ನಿಲ್ಲಬಹುದು ಅಮ್ಮ?"

"ನೂರು ವರ್ಷ ಸಾರ್! ಕೆಳಗೆ ಪೂರ್ತಿ ಬಂಡೆ. ಸಮುದ್ರ ಬಂದು ತಲೆ ಚಚ್ಚಿಕೊಂಡು ವಾಪಸ್ ಹೋಗುತ್ತೆ."

"ನೂರಾ?" ಅವನ ಮುಖ ಹುಳ್ಳಗಾಯಿತು. ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ನಂಬಲಿಲ್ಲ ಅಂತ ಅತ್ತಿಗೆಗೆ ಖಾತ್ರಿಯಾಯಿತು. ಮಧ್ಯಾಹ್ನ ಅವನು ತಾರಸಿ ಹತ್ತಿದ. ಜನ ಸಮುದ್ರ ನೋಡಲೆಂದೇ ಹತ್ತುವ ಆ ತಾರಸಿಯಲ್ಲಿ ಅವನು ಸಮುದ್ರಕ್ಕೆ ಬೆನ್ನು ಹಾಕಿ, ಹಿಂದಿನ ಮನೆಯನ್ನೇ ದಿಟ್ಟಿಸಿದ. ಆಮೇಲೆ ಟೇಪಿನಿಂದ ತಾರಸಿಯ ಎತ್ತರವನ್ನೂ ಅಳೆದ.

"ನೋಡ್ರಿ, ಹಿಂದಿನ ಮನೆಗೂ ಬೀಗ ಹಾಕಿಸ್ತಾನೆ ಇವನು!"

"ಅದರ ಮನೆಯವರೇ ಬೀಗ ಹಾಕಿಕೊಂಡು ಹೋಗಿ ಮೂರು ವರ್ಷ ಆಯ್ತಲ್ಲೇ," ಎಂದ ಗಂಡ. "ಯಾರಿಗೋ ಮಾರಿದ್ರು ಅಂತ ಸುದ್ದಿ ಬೇರೆ."

ಮರುದಿನ ಬೆಳಿಗ್ಗೆ ಅವನು ಬ್ಯಾಗು ಹಿಡಿದು ನಡುಮನೆಗೆ ಬಂದ. ಸರಿಯಾಗಿ ಅದೇ ಹೊತ್ತಿಗೆ ದೊಡ್ಡ ಅಲೆಯೊಂದು ಮೆಟ್ಟಿಲಿಗೆ ಬಡಿಯಿತು, ಗೋಡೆ ನಡುಗಿತು, ಅತ್ತೆ ದೊಪ್ಪನೆ ಕೆಳಗೆ ಬಿದ್ದಳು. ಟೇಪಿನವನು ಬಿರುಕಿನೊಳಗೆ ಕೈ ತೂರಿಸಿದ. ಮೊಣಕೈವರೆಗೆ ಹೋಯಿತು.

ಅತ್ತಿಗೆಯ ಕಟ್ಟೆ ಒಡೆಯಿತು. "ಸುಳ್ಳು ಹೇಳಿದೆ ಸಾರ್. ಬಂಡೆಯೂ ಇಲ್ಲ, ಗಿಂಡೆಯೂ ಇಲ್ಲ, ಕೆಳಗೆಲ್ಲ ಬರೀ ಮರಳು. ಎರಡು ವರ್ಷ ನಿಂತರೆ ಹೆಚ್ಚು. ನಮಗೆ ಬೇರೆ ದಿಕ್ಕಿಲ್ಲ, ಆ ಎರಡು ವರ್ಷನಾದ್ರೂ ಇಲ್ಲಿರೋಕೆ ಬಿಡಿ!" ಈ ಸಲದ ಕಣ್ಣೀರಿನಲ್ಲಿ ಒಂದು ಹನಿಯೂ ನಾಟಕವಿರಲಿಲ್ಲ.

ಟೇಪಿನವನ ಮುಖ ಅರಳಿತು. "ಎರಡೇ ವರ್ಷನಾ? ಖಂಡಿತ?"

"ನನ್ನಾಣೆಗೂ ಸಾರ್."

"ಆರಾಮಾಗಿರಿ ಅಮ್ಮ. ನಾನಂತೂ ನಿಮ್ಮನ್ನ ಎಬ್ಬಿಸಲ್ಲ. ನನಗೇನೂ ಅವಸರ ಇಲ್ಲ." ಪುಸ್ತಕ ತೆಗೆದು ಬರೆದುಕೊಂಡ. ಹೊರಡುವಾಗ ಜಗಲಿಯ ಬೆತ್ತದ ಕುರ್ಚಿಗಳಲ್ಲಿ ಒಂದೊಂದಾಗಿ ಕೂತು ನೋಡಿದ. "ಒಳ್ಳೇ ಕುರ್ಚಿಗಳು. ಮುಂದೆ ಕೊಡೋದಿದ್ರೆ ಮೊದಲು ನನಗೆ ಹೇಳಿ."

"ಈಗಲೇ ತಗೊಂಡು ಹೋಗಿ ಸಾರ್!"

"ಈಗಲೇ ಬೇಡ."

ಎಂಥ ದೇವರಂಥ ಅಧಿಕಾರಿ ಎಂದು ಅತ್ತಿಗೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಕಚೇರಿಯಲ್ಲಿ ಇಂಥವರು ನಾಲ್ಕು ಜನ ಇದ್ದಿದ್ದರೆ ಆ ಮೂರು ಮನೆಗಳೂ ಉಳಿಯುತ್ತಿದ್ದವು ಎಂದೂ ಸೇರಿಸಿದಳು.

ವಾರ ಕಳೆದ ಮೇಲೆ ಬೋರ್ಡು ಬರೆಯುವವನು ಕಂಕುಳಲ್ಲಿ ಹಲಗೆ, ಕೈಯಲ್ಲಿ ಸುತ್ತಿಗೆ ಹಿಡಿದು ಗೇಟಿನ ಹತ್ತಿರ ಬಂದ. ಹಲಗೆಯ ಅಂಚಿನಲ್ಲಿ ಕೆಂಪು ಬಣ್ಣವಿತ್ತು. ಅತ್ತಿಗೆ ಓಡಿಹೋಗಿ ಗೇಟಿಗೆ ಅಡ್ಡ ನಿಂತಳು.

"ಮೋಸ ಮಾಡಿದ್ನಲ್ಲೋ ಆ ಮನುಷ್ಯ! ಬೀಗ ಹಾಕೋಕೆ ಬಂದ್ಯಾ?"

"ಎಂಥ ಬೀಗ ಅತ್ತಿಗೆ? ಇದು ಹಿಂದಿನ ಮನೆಗೆ. ಅದನ್ನ ತಗೊಂಡವರು ಬರೆಸಿದ್ದು. ನಿಮ್ಮಲ್ಲೇ ಒಂದು ದಿನ ಇದ್ದು, ಎಲ್ಲಾ ಅಳೆದು, ಕೇಳಿಕೊಂಡು ಹೋದ್ರಂತಲ್ಲ?" ಎನ್ನುತ್ತ ಅವನು ಗೇಟು ದಾಟಿ ಹಿಂದಕ್ಕೆ ನಡೆದು, ಹಲಗೆಯನ್ನಿಟ್ಟು ಮೊಳೆ ಹೊಡೆದ.

'ಕಿಟಕಿ ತೆರೆದರೆ ಸಮುದ್ರ. ಎರಡು ವರ್ಷದ ನಂತರ.'