ಮಾದರಿ ಕಟ್ಟು

ಅರಗಿನ ಮುದ್ರೆ ಒಡೆದಿರಲಿಲ್ಲ. ವಿಚಾರಣಾಧಿಕಾರಿ ಶಿವಲಿಂಗಪ್ಪನವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಬೀಗದ ಮೇಲೊಂದು, ಮುಚ್ಚಳದ ಎರಡೂ ತುದಿಗೆ ಒಂದೊಂದು. ಮೂರೂ ನೆಟ್ಟಗಿದ್ದವು. ಆಳುದ್ದದ ಆ ಸಾಗವಾನಿ ಪೆಟ್ಟಿಗೆಯನ್ನು ಯಾರೂ ತೆರೆದಿಲ್ಲವೆಂದು ಅವರು ಬರೆಸಿದಾಗ, ಸಾಕ್ಷಿಯ ಕುರ್ಚಿಯಲ್ಲಿದ್ದ ಅಂದಾನೆಪ್ಪನವರು ಬೆಳಗಿನಿಂದ ಮೊದಲ ಬಾರಿಗೆ ನಕ್ಕರು.

ಜೊಯಿಡಾ ಕಾಡಿನ ಬಿದಿರನ್ನು ಗುತ್ತಿಗೆ ಹಿಡಿದಿದ್ದ ಕಂಪನಿಗೆ ಅವರು ಎಂಟು ವರ್ಷ ಮುಖ್ಯ ಮ್ಯಾನೇಜರಾಗಿದ್ದವರು. ಆ ಎಂಟು ವರ್ಷದಲ್ಲಿ ಹನ್ನೊಂದು ಜನ ಗಾಡಿಯವರು ಬಿದಿರು ಕದ್ದರೆಂದು ಜೈಲು ಕಂಡರು. ಕಾಡಿನ ಡಿಪೋದಲ್ಲಿ ತೂಗಿ ಕೊಟ್ಟಷ್ಟು ಹಳಿಯಾಳದ ಯಾರ್ಡಿನಲ್ಲಿ ತೂಗಲಿಲ್ಲ ಎಂಬುದೇ ಸಾಕ್ಷಿ. ಬಿದಿರಿನ ಗಳಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಕಂಪನಿ ನಂಬಿದ್ದು ತೂಕದ ಕಾಟಾವನ್ನು ಮಾತ್ರ. ಇಷ್ಟೊಂದು ಕಳ್ಳರು ಒಂದೇ ದಾರಿಯಲ್ಲಿ ಗಾಡಿ ಹೊಡೆದದ್ದು ಹೇಗೆ ಎಂದು ಕಡೆಗೊಮ್ಮೆ ಯಾರಿಗೋ ಅನುಮಾನ ಬಂದು, ೧೯೬೭ರ ಬೇಸಿಗೆಯಲ್ಲಿ ಸರಕಾರ ಈ ಬಹಿರಂಗ ವಿಚಾರಣೆ ಇಟ್ಟಿತ್ತು.

ಅಂದಾನೆಪ್ಪನವರಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಡಿಪೋದ ತೂಕವೇ? ಅದು ಗುಮಾಸ್ತನ ಕೆಲಸ. ಪೊಲೀಸರಿಗೆ ದೂರು? ವಕೀಲರ ಸಲಹೆ. ಗಾಡಿಯವರು ಮಾಲನ್ನು ಗೇಟಿನ ಹೊರಗೆ ಇಳಿಸಿಕೊಂಡು, ತೂಕದ ಸರದಿಗಾಗಿ ಬಿಸಿಲಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದದ್ದು? ಅದು ಯಾರ್ಡಿನವರ ಅಡಚಣೆ. ಎಂಟು ವರ್ಷ ಆ ಮನುಷ್ಯ ಕಚೇರಿಯಲ್ಲಿ ಕೂತು ಮಾಡಿದ್ದಾದರೂ ಏನು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹಿಂದಿನ ಬೆಂಚಿನಲ್ಲಿ ಜುಜೆ ಕೂತಿದ್ದ. ಹನ್ನೊಂದನೆಯ ಕಳ್ಳ. ಎಂಟು ತಿಂಗಳು ಒಳಗಿದ್ದು ಬಂದ ಮೇಲೆ ಸಿದ್ದಿ ಜನಾಂಗದ ಅವನ ಗಾಡಿಗೆ ಯಾರೂ ಹೇರು ಕೊಡಲಿಲ್ಲ, ಎತ್ತುಗಳನ್ನು ಮಾರಿದ. ಹೆಂಡತಿ ಸೋನುಬಾಯಿ, ಮದುವೆಮನೆಗಳಿಗೆ ತಾನು ಬಂದೊಡನೆ ಒಲೆಯ ಹತ್ತಿರದವರು ಕಳುವಿಗೆ ಹೆದರಿ ಪಾತ್ರೆ ಎತ್ತಿಡುವುದನ್ನು ನೋಡಿ ನೋಡಿ, ಹೋಗುವುದನ್ನೇ ಬಿಟ್ಟಳು. ಜುಜೆಗೆ ಅದೇ ಎಲ್ಲಕ್ಕಿಂತ ಹೆಚ್ಚು ನೋಯುತ್ತಿತ್ತು. ತಾನು ಕಳ್ಳನಲ್ಲವೆಂದು ಸರಕಾರ ಒಂದು ಸಾಲು ಬರೆದರೆ ಅವನಿಗೆ ಸಾಕಿತ್ತು. ಇವತ್ತು ವಿಚಾರಣೆಯ ಕೊನೆಯ ದಿನ.

ಅಂಥವನು, ತನ್ನನ್ನು ಜೈಲಿಗೆ ಕಳಿಸಿದ ಕಟ್ಟನ್ನೇ ತರಿಸಿ ತೂಗಿರಿ ಎಂದು ಅರ್ಜಿ ಕೊಟ್ಟಿದ್ದ. ಜೈಲಿನಲ್ಲಿ ತಲೆ ಕೆಟ್ಟಿರಬೇಕು ಎಂದು ಜನ ಆಡಿಕೊಂಡರು.

ಆ ಕಟ್ಟು ಅಂದಾನೆಪ್ಪನವರ ಉಪಾಯ. ನಾಲ್ಕು ವರ್ಷದ ಹಿಂದೆ ಜುಜೆಯ ಮೊಕದ್ದಮೆಯಲ್ಲಿ, ಬೆಳಿಗ್ಗೆ ಕಡಿಸಿದ ಬಿದಿರಿನ ಒಂದು ಕಟ್ಟನ್ನು ಮಧ್ಯಾಹ್ನವೇ ಕೋರ್ಟಿಗೆ ತರಿಸಿದ್ದರು. ಇಬ್ಬರು ಆಳುಗಳು ತಿಣುಕುತ್ತ ಹೊತ್ತು ತಂದರು. ಕಡಿದ ತುದಿಗಳಿಂದ ಜಿನುಗಿದ ನೀರು ನೆಲದ ಮೇಲೆ ಸಾಲಾಗಿ ಬಿತ್ತು. ಎಲ್ಲರೆದುರು ತೂಗಿದರೆ ಸರಿಯಾಗಿ ಅರವತ್ತು ಕಿಲೋ. ಕಟ್ಟೆಂದರೆ ಇಷ್ಟಿರಬೇಕು, ಈತ ಒಪ್ಪಿಸಿದ್ದು ನಲವತ್ತೈದರ ಕಟ್ಟು, ಎಂದರು. ಅಲ್ಲಿಗೆ ಮುಗಿಯಿತು. ಪೊಲೀಸರಿಗೆ ಒಪ್ಪಿಸುವ ಮೊದಲು ಅವರು ಹನ್ನೊಂದೂ ಜನರಿಗೆ ಕೇಳಿದ್ದ ಪ್ರಶ್ನೆ ಒಂದೇ: ಉಳಿದದ್ದನ್ನು ಎಲ್ಲಿ ಮಾರಿದೆ?

ಮೊಕದ್ದಮೆ ಗೆದ್ದ ಮೇಲೆ ಕಟ್ಟಿಗೆ ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿಟ್ಟು, ಮುದ್ರೆ ಹಾಕಿಸಿ ಮನೆಗೆ ಒಯ್ದರು. ನಡುಮನೆಯಲ್ಲಿ ಅದರ ಮೇಲೆ ಗಾದಿ ಹಾಸಿ ಬಂದವರನ್ನು ಕೂಡಿಸಿ ಕಥೆ ಹೇಳುತ್ತಿದ್ದರು. ಅದನ್ನು ಇವತ್ತು ಇನ್ನೊಮ್ಮೆ ಊರ ಮುಂದೆ ತೂಗುವುದಾದರೆ ಅವರಿಗೇನು ಬೇಡವೇ?

ಶಿವಲಿಂಗಪ್ಪನವರು ಅಪ್ಪಣೆ ಕೊಟ್ಟ ಮೇಲೆ ಜುಜೆ ಎದ್ದು ಅಂದಾನೆಪ್ಪನವರ ಕಡೆ ತಿರುಗಿ ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ತೂಕ ಕಡಿಮಿ ಬಂದ್ರ ಯಾರನ್ನ ಹಿಡಿಬೇಕ್ರಿ ಸಾಹೇಬ್ರ?"

"ಮಾಲು ಯಾರ ತಾಬಾದಾಗ ಇತ್ತೋ ಅವನ್ನ. ಬಿದಿರಿಗೇನು ಕಾಲಿಲ್ಲ, ತಾನ ಎದ್ದು ಹೋಗಾಕ. ಆ ನಿಯಮ ಮಾಡಿದಾವ ನಾನ."

"ಈ ಪೆಟ್ಟಿಗಿ ಕೀಲಿಕೈ ಯಾರ ಕಡೆ ಇತ್ರಿ?"

ಅಂದಾನೆಪ್ಪನವರು ಕೋಟಿನ ಒಳಜೇಬಿನಿಂದ ಅದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. "ನಾಕು ವರ್ಷ ಇಲ್ಲೇ ಐತಿ. ಮನಿಯಾಗ ಹೇಂತಿ ಕೈಗೂ ಕೊಟ್ಟಿಲ್ಲ. ಇದರ ಪೂರಾ ಜವಾಬ್ದಾರಿ ನಂದ."

ಜವಾಬ್ದಾರಿ ಎಂಬ ಶಬ್ದ ಅವರ ಬಾಯಿಂದ ಆ ದಿನ ಹೊರಟದ್ದು ಅದೇ ಮೊದಲು. ವಿಚಾರಣೆಯ ಗುಮಾಸ್ತ ಕೂಡ ತಲೆಯೆತ್ತಿ ನೋಡಿ ಬರೆದುಕೊಂಡ. ಜುಜೆ ಅದರ ಕೆಳಗೆ ಸಾಹೇಬರ ರುಜು ಬೇಕೆಂದ. ಅವರು ಸಂತೋಷದಿಂದ ಎರಡು ಕಡೆ ಹಾಕಿದರು.

ಪೇಟೆಯಿಂದ ಕಾಟಾ ಬಂದಿತ್ತು. ಸರಕಾರಿ ಮುದ್ರೆಯ ತೂಕದ ಕಲ್ಲುಗಳನ್ನಿಟ್ಟು ಅಂದಾನೆಪ್ಪನವರೇ ಅದನ್ನು ಪರೀಕ್ಷಿಸಿ ತಲೆದೂಗಿದರು. ಅರಗು ಒಡೆಯಿತು, ಬೀಗ ತೆರೆಯಿತು. ಅರವತ್ತು ಕಿಲೋ, ಇಪ್ಪತ್ನಾಲ್ಕು ಗಳ ಎಂದು ಚೀಟಿಯಲ್ಲಿದ್ದದ್ದನ್ನು ಗುಮಾಸ್ತ ಗಟ್ಟಿಯಾಗಿ ಓದಿದ. ಎಣಿಸಿದರು. ಇಪ್ಪತ್ನಾಲ್ಕೂ ಇದ್ದವು, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಜವಾನ ಉಳವಪ್ಪ, ಐವತ್ತು ದಾಟಿದ ಸಣಕಲು ಆಸಾಮಿ, ಆ ಕಟ್ಟನ್ನು ಒಬ್ಬನೇ ಎತ್ತಿ ಕಾಟಾದ ಮೇಲಿಟ್ಟ.

ಮೂವತ್ತೇಳು ಕಿಲೋ.

ಇನ್ನೊಮ್ಮೆ ತೂಗಿಸಿದರು. ಮೂವತ್ತೇಳೇ. ಅಂದಾನೆಪ್ಪನವರು ಬಗ್ಗಿ ಪೆಟ್ಟಿಗೆಯ ತಳ ತಡವಿದರು, ಒಡೆದ ಅರಗನ್ನು ನೋಡಿದರು, ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿದರು. ಶಿವಲಿಂಗಪ್ಪನವರು ಅವರ ರುಜುವಿದ್ದ ಹಾಳೆಯನ್ನು ನಿಧಾನವಾಗಿ ತಮ್ಮ ಹತ್ತಿರ ಎಳೆದುಕೊಂಡರು. ಜುಜೆ ಕಣ್ಣೊರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ದನಿ ಏರಿಸಲಿಲ್ಲ.

"ಸಾಹೇಬ್ರ, ಉಳದದ್ದನ್ನ ಎಲ್ಲಿ ಮಾರಿದ್ರಿ?"